ಕನಸಿಗೊಂದು ಅಳತೆ ಇರಲಿ

ಆರೋಗ್ಯವಾಗಿ ಬಾಳಬೇಕೆಂಬ ಕನಸು ಯಾರಿಗಿಲ್ಲ? ಮೊಮ್ಮಕ್ಕಳ ಮದುವೆಯನ್ನು ಕಣ್ತುಂಬ ನೋಡಬೇಕು, ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರ ಸಂಗಡ ಹೆಜ್ಜೆ ಹಾಕಬೇಕು, ಕೊನೆಯವರೆಗೂ ಕೈಕಾಲು ಗಟ್ಟಿಯಾಗಿದ್ದು ಕಾಯಕದಲ್ಲಿ ನಿರತರಾಗಿರಬೇಕು ಎಂದು ನಾವೆಲ್ಲರೂ ಬಯಸುತ್ತೇವೆ. ಆದರೆ ವರ್ಷಗಳು ಉರುಳಿದರೂ ಬಯಕೆಯು ಬಯಕೆಯಾಗಿಯೇ ಉಳಿಯುತ್ತದೆ. ಒಂದು ದಿನ ರಕ್ತಪರೀಕ್ಷೆಯ ಚೀಟಿಯನ್ನು ನೋಡಿ ವೈದ್ಯರು, "ಸಕ್ಕರೆ ಗಡಿಯಲ್ಲಿದೆ, ಎಚ್ಚರದಿಂದಿರಿ" ಎನ್ನುತ್ತಾರೆ. ನಾಳೆಯಿಂದ ಎಲ್ಲವನ್ನೂ ಬದಲಿಸಿಕೊಳ್ಳುವೆವೆಂದು ಅಂದೇ ರಾತ್ರಿ ನಿಶ್ಚಯಿಸುತ್ತೇವೆ. ನಾಲ್ಕು ದಿನ ನಡಿಗೆ ಸಾಗುತ್ತದೆ. ಐದನೆಯ ದಿನ ಮನೆಗೆ ನೆಂಟರು ಬರುತ್ತಾರೆ. ಆರನೆಯ ದಿನ ಮಳೆ. ಏಳನೆಯ ದಿನಕ್ಕೆ ನಿಶ್ಚಯವೇ ಮರೆತಿರುತ್ತದೆ.

ಇದಕ್ಕಾಗಿ ನಮ್ಮನ್ನು ನಾವೇ ಹಳಿದುಕೊಳ್ಳಬೇಕಾಗಿಲ್ಲ. ನಾವು ಕಂಡ ಕನಸಿಗೆ ಅಳತೆಯಿರಲಿಲ್ಲ, ಹೊತ್ತು ಗೊತ್ತಿರಲಿಲ್ಲ. ಅವೆರಡನ್ನೂ ಕೊಟ್ಟಾಗ ಅದೇ ಕನಸು ಕೈಗೆಟಕುವ ಗುರಿಯಾಗುತ್ತದೆ.

ಬರಿಹೊಟ್ಟೆಯಲ್ಲಿ ಮಾಡಿದ ಪರೀಕ್ಷೆಯಲ್ಲಿ ಸಕ್ಕರೆಯ ಅಂಶ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಇದ್ದರೆ ಅದನ್ನು ಮಧುಮೇಹದ ಪೂರ್ವಸ್ಥಿತಿಯೆಂದು ವೈದ್ಯರು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಈ ಗಡಿಯಿಂದ ಹಿಂದಿರುಗಲು ದಾರಿಯಿದೆ. ಅಮೆರಿಕೆಯ 27 ಕೇಂದ್ರಗಳಲ್ಲಿ, ಇಂತಹ ಅಪಾಯದಲ್ಲಿದ್ದ 3,234 ಜನರ ಮೇಲೆ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೀವನಕ್ರಮ ಬದಲಿಸಿಕೊಳ್ಳುವ ಗುಂಪಿನವರಿಗೆ ಅಲ್ಲಿ ಕೊಟ್ಟ ಮುಖ್ಯ ಗುರಿಗಳು ಎರಡೇ: ದೇಹದ ತೂಕದಲ್ಲಿ ಶೇಕಡಾ 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆಯಂತಹ ಚಟುವಟಿಕೆ. ಸುಮಾರು ಮೂರು ವರ್ಷಗಳಲ್ಲಿ ಅವರಿಗೆ ಮಧುಮೇಹ ಬರುವ ಪ್ರಮಾಣ, ಹುಸಿಮಾತ್ರೆ ಪಡೆದವರಿಗಿಂತ ಶೇಕಡಾ 58ರಷ್ಟು ಕಡಿಮೆಯಾಗಿತ್ತು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಭಾರತೀಯರಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ನಿತ್ಯದ ಅರ್ಧ ಗಂಟೆಯ ನಡಿಗೆ ಹಾಗೂ ಹಿತಮಿತವಾದ ಆಹಾರದಿಂದ ಶೇಕಡಾ 28.5ರಷ್ಟು ಇಳಿಕೆ ಕಂಡುಬಂದಿತು. "ಆರೋಗ್ಯವಂತರಾಗಿರಿ" ಎಂಬ ಹಾರೈಕೆಗೆ ಅಂಕಿಗಳ ಅಳತೆ ಕೂಡಿಬಂದುದರ ಫಲವಿದು.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದು, ಅಳತೆ. ಎಪ್ಪತ್ತು ಕಿಲೋ ತೂಗುವವರಿಗೆ ಶೇಕಡಾ 7 ಎಂದರೆ ಸುಮಾರು ಐದು ಕಿಲೋ. ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ ಒಂದು ಕಿಲೋಗಿಂತಲೂ ಕಡಿಮೆ. ಹೀಗೆ ಬಿಡಿಸಿ ನೋಡಿದಾಗ ಬೆಟ್ಟದಂತೆ ಕಂಡದ್ದು ಮೆಟ್ಟಿಲಾಗುತ್ತದೆ.

ಎರಡನೆಯದು, ಹೊತ್ತು ಮತ್ತು ಸ್ಥಳ. "ಇನ್ನು ಮುಂದೆ ನಡೆಯುತ್ತೇನೆ" ಎಂಬ ಮಾತು ಗಾಳಿಯಲ್ಲಿ ತೇಲಿಹೋಗುತ್ತದೆ. "ಬೆಳಗಿನ ಪೂಜೆ ಮುಗಿದೊಡನೆ ಊರ ಕೆರೆಯ ಏರಿಯವರೆಗೆ ಹೋಗಿ ಬರುತ್ತೇನೆ" ಎಂದಾಗ ಅದು ದಿನಚರಿಯಲ್ಲಿ ಬೇರು ಬಿಡುತ್ತದೆ. ಈಗಾಗಲೇ ತಪ್ಪದೆ ಮಾಡುತ್ತಿರುವ ಕೆಲಸವೊಂದಕ್ಕೆ ಹೊಸ ಅಭ್ಯಾಸವನ್ನು ಜೋಡಿಸುವುದು ಸುಲಭವಾದ ಉಪಾಯ.

ಮೂರನೆಯದು, ಅಡ್ಡಿಗೆ ಮೊದಲೇ ಉತ್ತರ. "ಹೀಗಾದರೆ ಹೀಗೆ ಮಾಡುವೆ" ಎಂದು ಮುಂಚಿತವಾಗಿ ನಿರ್ಧರಿಸಿಕೊಂಡವರು ಗುರಿ ಮುಟ್ಟುವ ಸಂಭವ ಹೆಚ್ಚೆಂಬುದನ್ನು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ ಅವರ ಸಂಶೋಧನೆಗಳು ತೋರಿಸಿವೆ. ಮಳೆ ಬಂದರೆ ಪಡಸಾಲೆಯಲ್ಲಿಯೇ ಅರ್ಧ ಗಂಟೆ ಅಡ್ಡಾಡುವೆ. ಬೀಗರ ಮನೆಯಲ್ಲಿ ಹೋಳಿಗೆ ಬಡಿಸಿದರೆ ಒಂದನ್ನು ಸವಿದು ಅಂದಿನ ಅನ್ನವನ್ನು ಕಡಿಮೆ ಮಾಡುವೆ. ಯಾರಾದರೂ ಚಹಾ ಕೊಟ್ಟರೆ ಸಕ್ಕರೆ ಬೇಡವೆಂದು ಕೇಳಿಕೊಳ್ಳುವೆ. ದಿನಕ್ಕೆ ಐದು ಬಾರಿ, ಎರಡೆರಡು ಚಮಚ ಸಕ್ಕರೆ ಹಾಕಿದ ಚಹಾ ಕುಡಿಯುವವರು ಹತ್ತು ಚಮಚ ಸಕ್ಕರೆಯನ್ನು ತಮಗರಿವಿಲ್ಲದೆ ನುಂಗುತ್ತಿರುತ್ತಾರೆ ಎಂಬುದನ್ನು ನೆನಪಿಡೋಣ.

ನಾಲ್ಕನೆಯದು, ಲೆಕ್ಕ. ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೊಂದು ಗುರುತು ಹಾಕಿದರೆ ಸಾಕು. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಅಧ್ಯಯನವೊಂದರಲ್ಲಿ ಹೊಸ ರೂಢಿ ನೆಲೆಗೊಳ್ಳಲು ಸರಾಸರಿ 66 ದಿನಗಳು ಬೇಕಾದವು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನಗಳಷ್ಟು ಬೇಕೆಂಬ ಅಂದಾಜು. ನಡುವೆ ಒಂದು ದಿನ ತಪ್ಪಿದುದರಿಂದ ಅಷ್ಟೇನೂ ಹಾನಿಯಾಗಲಿಲ್ಲ. ಆದುದರಿಂದ ವ್ರತ ಕೆಟ್ಟಿತೆಂದು ಕೈಚೆಲ್ಲದೆ, ಮರುದಿನ ಮತ್ತೆ ಪಾದರಕ್ಷೆ ಮೆಟ್ಟಬೇಕು. ಮೇಲೆ ಹೇಳಿದ ಅಮೆರಿಕೆಯ ಅಧ್ಯಯನದಲ್ಲಿಯೂ 24 ವಾರಗಳ ಕೊನೆಗೆ ತೂಕದ ಗುರಿ ಮುಟ್ಟಿದವರು ಅರ್ಧದಷ್ಟು ಜನರು ಮಾತ್ರ. ಆದರೂ ಆ ಗುಂಪಿಗೆ ದೊರೆತ ಲಾಭ ದೊಡ್ಡದು.

ಒಂದು ಎಚ್ಚರಿಕೆ. ಈಗಾಗಲೇ ಸಕ್ಕರೆ ಕಾಯಿಲೆಗೆ ಔಷಧ ಸೇವಿಸುತ್ತಿರುವವರು, ಹೃದಯದ ತೊಂದರೆ ಅಥವಾ ಮಂಡಿನೋವು ಇರುವವರು ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು. ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ಶ್ರೀಶೈಲಕ್ಕೆ ಹೊರಟ ಪಾದಯಾತ್ರಿಗೆ ಮೊದಲ ದಿನವೇ ಶಿಖರ ಕಾಣುವುದಿಲ್ಲ. ಸಂಜೆಯೊಳಗೆ ಮುಂದಿನ ಊರನ್ನು ಸೇರುವುದಷ್ಟೇ ಅಂದಿನ ಗುರಿ. ಊರಿಂದ ಊರಿಗೆ ನಡೆಯುತ್ತ ಹೋದವರಿಗೆ ಒಂದು ದಿನ ಶಿಖರ ತಾನಾಗಿ ಕಾಣಿಸುತ್ತದೆ. ನಮ್ಮ ಆರೋಗ್ಯದ ಕನಸಿಗೂ ಇಂದಿನ ಊರು ಯಾವುದೆಂದು ಗೊತ್ತುಮಾಡಿಕೊಳ್ಳೋಣ. ಇಂದು ಸಂಜೆಯೇ ಮನೆಯವರೆಲ್ಲ ಕೂಡಿ ಕುಳಿತು, ಒಂದು ಅಳತೆ, ಒಂದು ಹೊತ್ತು, ಒಂದು ಸ್ಥಳವನ್ನು ಚೀಟಿಯಲ್ಲಿ ಬರೆದಿಡೋಣ. ನಾಳೆ ಬೆಳಿಗ್ಗೆ ಆ ಚೀಟಿಯಂತೆ ನಡೆಯೋಣ.