ಮಕ್ಕಳ ಕಾಮಿಕ್ಸ್ ಎಂದು ಪಕ್ಕಕ್ಕಿಡುವ ಮುನ್ನ

ಅಮೆರಿಕದಲ್ಲಿ ಸ್ವಂತ ದುಡ್ಡು ಹಾಕಿ ಕಾಮಿಕ್ಸ್ ಅಚ್ಚು ಹಾಕಿಸುವ ಕೆಲವರು ಸೇರಿ ‘ಕಿಡ್ಸ್ ಲವ್ ಕಾಮಿಕ್ಸ್’ ಎಂಬ ಬಳಗ ಕಟ್ಟಿಕೊಂಡರು. ‘ಬಜ್‌ಬಾಯ್’ ಸೃಷ್ಟಿಸಿದ ಜಾನ್ ಗ್ಯಾಲಗರ್, ‘ಅಮೀಲಿಯಾ ರೂಲ್ಸ್!’ ಬರೆದ ಜಿಮ್ಮಿ ಗೌನ್ಲಿ ಅದರ ಸ್ಥಾಪಕರಲ್ಲಿ ಇಬ್ಬರು. ಮನೆಮಂದಿಯೆಲ್ಲ ಕೂತು ಓದುವಂಥ ಕಾಮಿಕ್ಸ್ ಮತ್ತೆ ಮಕ್ಕಳ ಕೈ ಸೇರಬೇಕು ಎಂಬುದು ಅವರ ಹಟ. ಇಂಥ ಕೆಲಸದ ಸುತ್ತ ಬೆಳೆದಿರುವ ತಪ್ಪು ತಿಳಿವಳಿಕೆಗಳು ಕಡಿಮೆಯೇನಲ್ಲ.

ತಪ್ಪು ಕಲ್ಪನೆ: ‘ಎಲ್ಲ ವಯಸ್ಸಿನವರಿಗೆ’ ಎಂದರೆ ಪುಟ್ಟ ಮಕ್ಕಳಿಗೆ ಮಾತ್ರ.

ವಾಸ್ತವ: ಗೌನ್ಲಿಯ ಅಮೀಲಿಯಾಳ ಅಪ್ಪ ಅಮ್ಮ ವಿಚ್ಛೇದನ ಪಡೆದಿದ್ದಾರೆ. ನ್ಯೂಯಾರ್ಕ್ ಬಿಟ್ಟು ಅಮ್ಮನ ಜೊತೆ ಚಿಕ್ಕ ಊರಿಗೆ ಬಂದ ಹುಡುಗಿ ಅವಳು. ಮಗು ಅದರಲ್ಲಿ ಗೆಳೆಯರ ಕಿತ್ತಾಟ ನೋಡಿ ನಗುತ್ತದೆ, ಪಕ್ಕದಲ್ಲಿ ಕೂತ ತಾಯಿಗೆ ಒಡೆದ ಸಂಸಾರ ಕಾಣುತ್ತದೆ. ಆಂಡಿ ರಂಟನ್ ಅವರ ‘ಔಲಿ’ಯ ಮೊದಲ ಆವೃತ್ತಿಗಳನ್ನು ತೆಗೆದು ನೋಡಿ. ಒಂದು ಗೂಬೆ, ಒಂದು ಹುಳು. ಮಾತಿನ ಗುಳ್ಳೆಯೊಳಗೆ ಅಕ್ಷರದ ಬದಲು ಪುಟ್ಟ ಚಿತ್ರಗಳು. ಓದಲು ಬಾರದ ಮಗುವೇ ಅಜ್ಜನಿಗೆ ಕಥೆ ಹೇಳಬಹುದು.

ತಪ್ಪು ಕಲ್ಪನೆ: ಟಿವಿ, ವಿಡಿಯೊ ಗೇಮ್ ಬಂದ ಮೇಲೆ ಮಕ್ಕಳೇ ಕಾಮಿಕ್ಸ್ ಬಿಟ್ಟರು.

ವಾಸ್ತವ: ಟಿವಿಯ ಪಾಲು ಇಲ್ಲವೆಂದಲ್ಲ. ಆದರೆ ದೊಡ್ಡ ಏಟು ಕೊಟ್ಟದ್ದು ಮಾರಾಟದ ದಾರಿ. ಹಿಂದೆ ಅಮೆರಿಕದಲ್ಲಿ ದಿನಸಿ ಅಂಗಡಿ, ಔಷಧಿ ಅಂಗಡಿ, ಪೇಪರ್ ಸ್ಟಾಲ್‌ಗಳಲ್ಲೆಲ್ಲ ಕಾಮಿಕ್ಸ್ ಸಿಗುತ್ತಿತ್ತು. ಅಮ್ಮ ಸಾಮಾನು ಕಟ್ಟಿಸುವಷ್ಟರಲ್ಲಿ ಮಗು ಒಂದನ್ನು ಎತ್ತಿಕೊಂಡಿರುತ್ತಿತ್ತು. 1970ರ ದಶಕದಿಂದ ವ್ಯಾಪಾರ ನಿಧಾನವಾಗಿ ಕಾಮಿಕ್ಸಿಗೆಂದೇ ತೆರೆದ ಅಂಗಡಿಗಳ ಕಡೆ ಸರಿಯಿತು. ಅಲ್ಲಿ ಉಳಿದ ಪ್ರತಿಗಳನ್ನು ಸಾಮಾನ್ಯವಾಗಿ ವಾಪಸ್ ಮಾಡುವಂತಿಲ್ಲ. ನಷ್ಟಕ್ಕೆ ಹೆದರಿದ ಅಂಗಡಿಯವರು ತಪ್ಪದೆ ಬರುವ ದೊಡ್ಡವರಿಗೆ ಬೇಕಾದ್ದನ್ನೇ ಹೆಚ್ಚಾಗಿ ತರಿಸಿದರು. ಮಕ್ಕಳು ಕಾಮಿಕ್ಸ್ ಬಿಡುವ ಮೊದಲೇ ಕಾಮಿಕ್ಸು ಮಕ್ಕಳಿರುವ ಜಾಗ ಬಿಟ್ಟಿತ್ತು.

ತಪ್ಪು ಕಲ್ಪನೆ: ಸ್ವಂತ ದುಡ್ಡು ಹಾಕಿ ಕಾಮಿಕ್ಸ್ ತರುವವರು ಒಬ್ಬರಿಗೊಬ್ಬರು ಪೈಪೋಟಿದಾರರು, ಒಂದಾದರೆ ಗಿರಾಕಿ ಹಂಚಿಹೋಗುತ್ತಾರೆ.

ವಾಸ್ತವ: ದೊಡ್ಡ ಕಾಮಿಕ್ಸ್ ಮೇಳದಲ್ಲಿ ಒಂಟಿ ಮೇಜು ಹಾಕಿ ಕೂತವನು ಜನಜಂಗುಳಿಯಲ್ಲಿ ಕಳೆದುಹೋಗುತ್ತಾನೆ. ಬಾಲ್ಟಿಮೋರ್ ಕಾಮಿಕ್‌ಕಾನ್‌ನಲ್ಲಿ ಈ ಬಳಗ ಮಕ್ಕಳಿಗೆಂದೇ ಒಂದು ಜಾಗ ಮಾಡಿಕೊಂಡಿತು. ಮಗುವಿನ ಕೈ ಹಿಡಿದು ಬಂದ ತಂದೆ, ಯಾವ ಪುಟದಲ್ಲಿ ಏನಿದೆಯೋ ಎಂದು ಅಳುಕದೆ ಮೇಜಿನಿಂದ ಮೇಜಿಗೆ ಹೋಗಬಹುದಿತ್ತು. ಇನ್ನೊಂದು ಮಾತು: ಒಬ್ಬನೇ ಬರೆದು, ಚಿತ್ರ ಬಿಡಿಸಿ, ಅಚ್ಚು ಹಾಕಿಸುವವನ ಮುಂದಿನ ಪುಸ್ತಕ ಬರಲು ತಿಂಗಳುಗಟ್ಟಲೆ ಬೇಕು. ಅಷ್ಟರವರೆಗೆ ಮಗುವಿನ ಓದಿನ ಹಸಿವು ಆರದಂತೆ ನೋಡಿಕೊಳ್ಳುವವನು ಪಕ್ಕದ ಮೇಜಿನವನೇ. ಅವನು ಹೇಗೆ ಪೈಪೋಟಿದಾರನಾದಾನು?

ತಪ್ಪು ಕಲ್ಪನೆ: ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ.

ವಾಸ್ತವ: ಈ ಭಯಕ್ಕೆ ಬಲ ತುಂಬಿದ್ದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಬರೆದ ಪುಸ್ತಕ. ಅದೇ ವರ್ಷ ಪ್ರಕಾಶಕರು ತಮಗೆ ತಾವೇ ಕಟ್ಟುನಿಟ್ಟಿನ ನಿಯಮಾವಳಿ ಹಾಕಿಕೊಂಡರು. ವರ್ಥಮ್‌ರ ಕಾಗದಪತ್ರಗಳನ್ನು ಮುಂದೆ ಪರಿಶೀಲಿಸಿದ ಸಂಶೋಧಕಿ ಕ್ಯಾರಲ್ ಟಿಲ್ಲಿ, ಮಕ್ಕಳ ಹೇಳಿಕೆಗಳನ್ನೇ ಅವರು ತಿರುಚಿದ್ದರೆಂದು ತೋರಿಸಿದರು.

ತಪ್ಪು ಕಲ್ಪನೆ: ಈಗಿನ ಮಕ್ಕಳ ಗ್ರಾಫಿಕ್ ಕಾದಂಬರಿಗಳ ಸುಗ್ಗಿ ದೊಡ್ಡ ಪ್ರಕಾಶಕರು ತಂದದ್ದು.

ವಾಸ್ತವ: ಅವರು ಬಂದದ್ದು ಹೊಲ ಹಸನಾದ ಮೇಲೆ. ಜೆಫ್ ಸ್ಮಿತ್ 1991ರಿಂದ 2004ರವರೆಗೆ ‘ಬೋನ್’ ಕಥೆಯ 55 ಸಂಚಿಕೆ ಬರೆದರು, ಬಹುಪಾಲನ್ನು ತಾವೇ ಪ್ರಕಟಿಸಿದರು. ಹೆಂಡತಿ ವಿಜಯಾ ಅಯ್ಯರ್ ಕೆಲಸ ಬಿಟ್ಟು ಆ ಪ್ರಕಾಶನದ ವ್ಯವಹಾರ ಹೊತ್ತರು. ಸ್ಕೊಲಾಸ್ಟಿಕ್ ಸಂಸ್ಥೆ ಅದನ್ನು ಬಣ್ಣದಲ್ಲಿ ತರಲು ಶುರುಮಾಡಿದ್ದು 2005ರಲ್ಲಿ. ವರ್ಷಗಟ್ಟಲೆ ತಮ್ಮ ಪುಸ್ತಕ ತಾವೇ ಅಚ್ಚು ಹಾಕಿಸಿದ ಜೆರ್ರಿ ಕ್ರಾಫ್ಟ್ ಅವರ ‘ನ್ಯೂ ಕಿಡ್’ 2020ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕ ಪಡೆಯಿತು. ಗ್ರಾಫಿಕ್ ಕಾದಂಬರಿಯೊಂದಕ್ಕೆ ಆ ಪದಕ ಸಂದದ್ದು ಅದೇ ಮೊದಲು.

ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಕಾಮಿಕ್ಸ್ ಮೇಳಕ್ಕೆ ಮಕ್ಕಳನ್ನು ಕರೆದೊಯ್ದಾಗ ಮೂಲೆಯ ಮೇಜಿನಲ್ಲಿ ತಮ್ಮದೇ ಪುಸ್ತಕ ಹರಡಿಕೊಂಡು ಕೂತವರ ಮುಂದೆ ಒಂದು ಗಳಿಗೆ ನಿಲ್ಲಿ, ಒಂದನ್ನು ಕೊಳ್ಳಿ, ಮನೆಗೆ ಬಂದು ಮಗುವಿನ ಜೊತೆ ಕೂತು ಓದಿ.