ಖಾರ ನೋವಿಗೆ ಮದ್ದಾದ ಬಗೆ

ಮೆಣಸಿನಕಾಯಿಯ ಖಾರಕ್ಕೆ ಮುಖ್ಯ ಕಾರಣ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ. ಕಾಯಿಯೊಳಗೆ ಬೀಜಗಳು ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ ಅದು ತಯಾರಾಗುತ್ತದೆ. ಬೀಜಕ್ಕೆ ಸ್ವಂತ ಖಾರವಿಲ್ಲ, ತಿರುಳಿನಿಂದ ಮೆತ್ತಿಕೊಂಡದ್ದಷ್ಟೇ. ಕ್ಯಾಪ್ಸೈಸಿನ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾಯಿಯ ಕೆಂಪು ಬಣ್ಣ ಬೇರೆ ದ್ರವ್ಯಗಳಿಂದ ಬಂದದ್ದು. ಹಾಗಾಗಿಯೇ ಬ್ಯಾಡಗಿ ಮೆಣಸಿನಕಾಯಿ ಕಡುಕೆಂಪಾಗಿದ್ದರೂ ಗುಂಟೂರಿನ ಕಾಯಿಯಷ್ಟು ಖಾರವಿಲ್ಲ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಎಣ್ಣೆ, ತುಪ್ಪ, ಮದ್ಯಸಾರಗಳಲ್ಲಿ ಕರಗುತ್ತದೆ. ಮೆಣಸಿನಕಾಯಿ ಹೆಚ್ಚಿದ ಕೈಯನ್ನು ಬರೀ ನೀರಿನಲ್ಲಿ ಎಷ್ಟು ತೊಳೆದರೂ ಉರಿ ಹೋಗದಿರುವುದು ಇದರಿಂದಲೇ. ಮೊದಲು ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ತೊಳೆದರೆ ಉರಿ ಇಳಿಯುತ್ತದೆ.

ಚರ್ಮ ಕೆಂಪಾಗುತ್ತದೆ, ಬೆಂಕಿ ತಾಗಿದಂತೆ ಉರಿಯುತ್ತದೆ, ಆದರೆ ಸುಟ್ಟಿರುವುದಿಲ್ಲ. ಅಡುಗೆಮನೆಯಲ್ಲಿ ಕೈಗೆ ತಾಗುವಷ್ಟು ಖಾರದಿಂದ ಚರ್ಮದ ಬಿಸಿ ಸುಡುವಷ್ಟು ಏರುವುದಿಲ್ಲ, ಸಾಮಾನ್ಯವಾಗಿ ಬೊಬ್ಬೆಯೂ ಏಳುವುದಿಲ್ಲ. ಗಾಯವೇ ಇಲ್ಲದೆ ಗಾಯದ ನೋವು ಹುಟ್ಟುವುದು ಹೇಗೆ? ಇದಕ್ಕೆ ಪೂರ್ತಿ ಉತ್ತರ ಸಿಗಲು ಸುಮಾರು 200 ವರ್ಷ ಹಿಡಿಯಿತು. ಆ ಹುಡುಕಾಟದಿಂದ ನೋವಿನ ಬಗೆಗಿನ ತಿಳಿವಳಿಕೆಯೂ ಬದಲಾಯಿತು, ನೋವಿಗೆ ಒಂದು ಮದ್ದೂ ದೊರೆಯಿತು.

ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಮೆಕ್ಸಿಕೋದ ಮೂಲನಿವಾಸಿಗಳು ಅದನ್ನು ಹಲ್ಲುನೋವಿಗೆ ಬಳಸುತ್ತಿದ್ದರು. 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅದು ಭಾರತದ ಪಶ್ಚಿಮ ಕರಾವಳಿಗೆ ಬಂದಿತು. ಯುರೋಪಿನಲ್ಲಿ ಅದು ಔಷಧದಂಗಡಿಯಲ್ಲೂ ನೆಲೆಯೂರಿತು. 1816ರಲ್ಲಿ ಜರ್ಮನಿಯ ಬುಕೋಲ್ಟ್ಸ್ ಖಾರದ ಸಾರವನ್ನು ಬೇರ್ಪಡಿಸಿದ, ಆದರೆ ಅದು ಶುದ್ಧವಾಗಿರಲಿಲ್ಲ. 1876ರಲ್ಲಿ ಇಂಗ್ಲೆಂಡಿನ ಜಾನ್ ಥ್ರೆಶ್ ಹರಳಿನ ರೂಪದಲ್ಲಿ ಅದನ್ನು ಪಡೆದು ಕ್ಯಾಪ್ಸೈಸಿನ್ ಎಂದು ಹೆಸರಿಟ್ಟ. 1919ರಲ್ಲಿ ಅದರ ರಚನೆ ತಿಳಿಯಿತು, 1930ರಲ್ಲಿ ಪ್ರಯೋಗಾಲಯದಲ್ಲೇ ಅದನ್ನು ತಯಾರಿಸಲಾಯಿತು.

ಖಾರವನ್ನು ಅಳೆಯುವ ಮಾಪನ ಹುಟ್ಟಿದ್ದೂ ಔಷಧದ ಕಾರ್ಖಾನೆಯಲ್ಲೇ. ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಯ ವಿಲ್ಬರ್ ಸ್ಕೋವಿಲ್ 1912ರಲ್ಲಿ ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುವಾಗಿಸುತ್ತ ಹೋಗಿ, ರುಚಿ ನೋಡುವವರ ನಾಲಿಗೆಗೆ ಖಾರ ಯಾವಾಗ ತಿಳಿಯದಾಗುತ್ತದೆ ಎಂದು ಗುರುತಿಸಿದ. ಆ ಲೆಕ್ಕದಲ್ಲಿ ಶುದ್ಧ ಕ್ಯಾಪ್ಸೈಸಿನ್‌ನ ಖಾರ 1.6 ಕೋಟಿ ಸ್ಕೋವಿಲ್.

ಇಷ್ಟೆಲ್ಲ ಖಾರದ ರಸಾಯನಶಾಸ್ತ್ರವಾಯಿತು. ಅದು ಶರೀರದಲ್ಲಿ ಮಾಡುವ ಕೆಲಸವನ್ನು ಬಗೆದು ನೋಡಿದವರು ಹಂಗೇರಿಯವರು. 1878ರಲ್ಲೇ ಅಲ್ಲಿನ ಎಂಡ್ರೆ ಹೊಗ್ಯೆಶ್, ಮೆಣಸಿನಕಾಯಿಯ ಸಾರ ಸಂವೇದನಾ ನರಗಳ ಮೇಲೆ ಕೆಲಸ ಮಾಡುತ್ತದೆ ಎಂದು ಸೂಚಿಸಿದ್ದ. ಈ ಮಾತನ್ನು ಬಹಳ ದೂರ ಕೊಂಡೊಯ್ದವರು ಸೆಗೆಡ್ ನಗರದ ಮಿಕ್ಲೋಶ್ ಯಾನ್ಚೋ. ಸೆಗೆಡ್ ಎಂದರೆ ಪಾಪ್ರಿಕಾ ಎಂಬ ಮೆಣಸಿನಕಾಯಿ ಬೆಳೆಯುವ ಸೀಮೆ. ಅಲ್ಲಿನ ಪಾಪ್ರಿಕಾದಿಂದಲೇ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಸಿ ಜೀವಸತ್ವವನ್ನು ಹೇರಳವಾಗಿ ತೆಗೆದಿದ್ದರು. 1940ರ ದಶಕದಲ್ಲಿ ಯಾನ್ಚೋ ಪ್ರಾಣಿಗಳಿಗೆ ಕ್ಯಾಪ್ಸೈಸಿನ್ ಅನ್ನು ಮತ್ತೆ ಮತ್ತೆ ಕೊಟ್ಟು ನೋಡಿದರು. ಮೊದಮೊದಲು ಅವು ನೋವಿನಿಂದ ಒದ್ದಾಡಿದವು, ಬರಬರುತ್ತಾ ಸುಮ್ಮನಾದವು. ಆಮೇಲೆ ಕಣ್ಣಿಗೆ ಸಾಸಿವೆ ಎಣ್ಣೆಯಂಥ ಬೇರೆ ಉರಿಕಾರಕ ಬಿದ್ದರೂ ಅವು ಕಣ್ಣುಜ್ಜಿಕೊಳ್ಳಲಿಲ್ಲ. ಆದರೆ ಮುಟ್ಟಿದರೆ ತಿಳಿಯುತ್ತಿತ್ತು. ಸ್ಪರ್ಶವನ್ನು ಉಳಿಸಿ, ರಾಸಾಯನಿಕಗಳಿಂದಾಗುವ ನೋವನ್ನಷ್ಟೇ ಅಳಿಸುವ ವಸ್ತುವೊಂದು ಮೊದಲ ಬಾರಿಗೆ ವೈದ್ಯವಿಜ್ಞಾನದ ಕೈಗೆ ಸಿಕ್ಕಿತ್ತು.

ಯಾನ್ಚೋ ಇನ್ನೊಂದು ಸಂಗತಿಯನ್ನೂ ಕಂಡುಕೊಂಡರು. ಚರ್ಮಕ್ಕೆ ಹೋಗುವ ಸಂವೇದನಾ ನರವನ್ನು ಕತ್ತರಿಸಿ ಅದು ಕ್ಷೀಣಿಸಿದ ಮೇಲೆ ಉರಿಕಾರಕ ಹಚ್ಚಿದರೆ ಚರ್ಮ ಕೆಂಪಾಗುವುದಿಲ್ಲ, ಊದಿಕೊಳ್ಳುವುದೂ ಇಲ್ಲ. ಅಂದರೆ ಕೆಂಪೂ ಬಾವೂ ಮೆಣಸಿನಕಾಯಿ ನೇರವಾಗಿ ತರುವಂಥವಲ್ಲ, ನರವೇ ತರಿಸುವಂಥವು. ನೋವಿನ ನರಗಳು ಮಿದುಳಿಗೆ ಸುದ್ದಿ ಕಳಿಸುವುದರ ಜೊತೆಗೆ ಚರ್ಮದ ಕಡೆಯ ತುದಿಯಿಂದ ಕೆಲವು ರಾಸಾಯನಿಕಗಳನ್ನು ಸುರಿಸುತ್ತವೆ. ಅವು ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ ಚರ್ಮವನ್ನು ಕೆಂಪೇರಿಸುತ್ತವೆ. ಯಾನ್ಚೋ 1966ರಲ್ಲಿ ತೀರಿಕೊಂಡರು. ಈ ಪ್ರಯೋಗಗಳ ಮುಖ್ಯ ಪ್ರಬಂಧ ಬ್ರಿಟನ್ನಿನ ಪತ್ರಿಕೆಯಲ್ಲಿ ಅಚ್ಚಾದದ್ದು 1967ರಲ್ಲಿ, ಅವರ ಪತ್ನಿ ಔರೇಲಿಯಾ ಮತ್ತು ಕಿರಿಯ ಸಹೋದ್ಯೋಗಿ ಯಾನೋಶ್ ಸೋಲ್ಚಾನಿ ಅವರ ಶ್ರಮದಿಂದ. ಖಾರದ ವಿಜ್ಞಾನದ ಅಡಿಪಾಯ ಇದೇ ಆಗಿದ್ದರೂ ಈ ದಂಪತಿಯ ಹೆಸರು ಹಂಗೇರಿಯ ಹೊರಗೆ ಹೆಚ್ಚು ಜನರಿಗೆ ತಿಳಿಯಲಿಲ್ಲ. ಅವರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ನರದ ತುದಿಯಲ್ಲಿ ಕ್ಯಾಪ್ಸೈಸಿನ್ ಕೂರುವ ನಿರ್ದಿಷ್ಟ ಜಾಗವೊಂದು ಇರಲೇಬೇಕೆಂದು ಸೋಲ್ಚಾನಿ 1970ರ ದಶಕದಲ್ಲಿ ವಾದಿಸಿದರು. ಅದು ಕೈಗೆ ಸಿಕ್ಕಿದ್ದು 1997ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯದಲ್ಲಿ. ಅಲ್ಲಿ ಮೈಕೆಲ್ ಕ್ಯಾಟರಿನಾ ಹಿಡಿದ ದಾರಿ ತಾಳ್ಮೆ ಬೇಡುವಂಥದು. ನೋವಿನ ನರಕೋಶಗಳಲ್ಲಿ ಕೆಲಸ ಮಾಡುವ ಸಾವಿರಾರು ಜೀನ್‌ಗಳ ಪ್ರತಿಗಳನ್ನು ಗುಂಪು ಗುಂಪಾಗಿ, ಖಾರಕ್ಕೆ ಕಿಂಚಿತ್ತೂ ಸ್ಪಂದಿಸದ ಬೇರೆ ಜೀವಕೋಶಗಳಿಗೆ ಸೇರಿಸಲಾಯಿತು. ಮೇಲೆ ಕ್ಯಾಪ್ಸೈಸಿನ್ ಹಾಕಿ, ಯಾವ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆಂದು ಬಣ್ಣದ ಸಹಾಯದಿಂದ ನೋಡಲಾಯಿತು. ಸ್ಪಂದಿಸಿದ ಗುಂಪನ್ನು ಮತ್ತೆ ಒಡೆದು, ಮತ್ತೆ ಒಡೆದು, ಕೊನೆಗೆ ಒಂದೇ ಜೀನ್ ಉಳಿಯಿತು. ಅದು ತಯಾರಿಸುವ ಪ್ರೋಟೀನಿಗೆ ಈಗ ಟಿಆರ್‌ಪಿವಿ1 ಎಂದು ಹೆಸರು. ನರಕೋಶದ ಪೊರೆಯಲ್ಲಿ ಅದೊಂದು ಬಾಗಿಲಿನಂತೆ ಕೂತಿರುತ್ತದೆ.

ಬೆರಗಾಗುವ ಸಂಗತಿ ಆಮೇಲೆ ಹೊರಬಿತ್ತು. ಆ ಬಾಗಿಲು ಖಾರಕ್ಕಷ್ಟೇ ಅಲ್ಲ, ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆದುಕೊಳ್ಳುತ್ತಿತ್ತು. ಅದರ ಒಂದು ಮುಖ್ಯ ಕೆಲಸವೇ ಮೈಸುಡುವ ಬಿಸಿಯನ್ನು ಅರಿಯುವುದು. ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತೆರೆಯುತ್ತದೆ, ನರ ಮಿದುಳಿಗೆ ‘ಸುಡುತ್ತಿದೆ’ ಎಂಬ ಸುದ್ದಿಯನ್ನೇ ಒಯ್ಯುತ್ತದೆ. ಖಾರ ತಿಂದಾಗ ಬೆವರು ಬರುವುದು, ಮೈ ಬಿಸಿಯಾಗಿದೆ ಎಂದು ಮಿದುಳು ನಂಬುವುದರಿಂದ. ಕ್ಯಾಪ್ಸೈಸಿನ್ ಇರುವಾಗ ಬಾಗಿಲು ಇನ್ನೂ ಕಡಿಮೆ ಬಿಸಿಗೇ ತೆರೆಯುತ್ತದೆ. ಖಾರದ ಊಟದ ಮೇಲೆ ಬಿಸಿ ಕಾಫಿ ಕುಡಿದರೆ ಬಾಯಿ ಹೊತ್ತಿಕೊಂಡಂತಾಗುವುದು ಅದಕ್ಕೇ. ಊದಿಕೊಂಡ ಅಥವಾ ಬಿಸಿಲಿಗೆ ಬೆಂದ ಚರ್ಮಕ್ಕೆ ಉಗುರುಬೆಚ್ಚಗಿನ ನೀರೂ ಚುರುಕೆನ್ನುವುದರ ಹಿಂದೆಯೂ ಈ ಬಾಗಿಲಿನ ಕೈವಾಡವಿದೆ. 2000ದಲ್ಲಿ ಈ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದಾಗ, ಅವು ಕ್ಯಾಪ್ಸೈಸಿನ್ ಬೆರೆತ ನೀರನ್ನು ಹಿಂಜರಿಯದೆ ಕುಡಿದವು. ಹಕ್ಕಿಗಳಲ್ಲಿ ಈ ಬಾಗಿಲಿದ್ದರೂ ಅದು ಖಾರಕ್ಕೆ ತೆರೆಯದು. ಹಣ್ಣು ಮೆಣಸಿನಕಾಯಿಯನ್ನು ಗಿಳಿ ನಿರಾಳವಾಗಿ ತಿನ್ನುವುದೂ, ಕಾಡು ಮೆಣಸಿನ ಬೀಜ ಹಕ್ಕಿಗಳ ಮೂಲಕ ಹರಡುವುದೂ ಇದರಿಂದಲೇ. ಜೂಲಿಯಸ್ ಅವರಿಗೆ 2021ರಲ್ಲಿ ವೈದ್ಯಕೀಯ ನೊಬೆಲ್ ದೊರೆಯಿತು. ಒತ್ತಡ ಮತ್ತು ಸ್ಪರ್ಶವನ್ನು ಅರಿಯುವ ಪ್ರೋಟೀನುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅದನ್ನು ಹಂಚಿಕೊಂಡರು.

ಬಾಗಿಲು ಸಿಕ್ಕಿತು, ಇನ್ನು ಅದನ್ನು ಮುಚ್ಚಿದರೆ ನೋವು ನಿಲ್ಲುತ್ತದೆ ಎಂದು ಔಷಧ ಕಂಪನಿಗಳು ಉತ್ಸಾಹದಿಂದ ಹೊರಟವು. ಮುಚ್ಚುವ ಮಾತ್ರೆಗಳೇನೋ ತಯಾರಾದವು. ಆದರೆ ಪ್ರಯೋಗಕ್ಕೆ ಒಪ್ಪಿದವರಲ್ಲಿ ಕೆಲವರಿಗೆ ಜ್ವರದಂತೆ ಮೈಬಿಸಿ ಏರಿತು. ಕುದಿಬಿಸಿಯ ಅಪಾಯ ತಿಳಿಯದೆ ಹೋಗುವ ಭಯವೂ ಎದುರಾಯಿತು. ಮೈಯ ಶಾಖವನ್ನು ಹದದಲ್ಲಿಡುವುದರಲ್ಲೂ ಈ ಬಾಗಿಲಿಗೆ ಪಾಲಿದೆ ಎಂಬುದು ಆಗ ಮನದಟ್ಟಾಯಿತು.

ಫಲ ಕೊಟ್ಟದ್ದು ಯಾನ್ಚೋ ಕಂಡ ಹಳೆಯ ದಾರಿಯೇ. ನೋವಿರುವ ಜಾಗಕ್ಕಷ್ಟೇ ಕ್ಯಾಪ್ಸೈಸಿನ್ ಹಚ್ಚಿದರೆ ಬಾಗಿಲು ತೆರೆದೇ ಉಳಿದು, ನರದ ತುದಿಗೆ ಮಿತಿಮೀರಿ ಕ್ಯಾಲ್ಸಿಯಂ ನುಗ್ಗುತ್ತದೆ. ತುದಿ ಕೆಲಸ ನಿಲ್ಲಿಸಿ ಚರ್ಮದ ಮೇಲ್ಪದರದಿಂದ ಹಿಂದೆ ಸರಿಯುತ್ತದೆ. ನರವೇ ಸಾಯುವುದಿಲ್ಲ, ಕೆಲವು ತಿಂಗಳಲ್ಲಿ ತುದಿ ಮತ್ತೆ ಬೆಳೆದು ಬರುತ್ತದೆ. ಅಲ್ಲಿಯವರೆಗೆ ಉರಿನೋವು ತಗ್ಗಿರುತ್ತದೆ. ಶೇ 0.025 ಮತ್ತು ಶೇ 0.075 ಸಾಂದ್ರತೆಯ ಮುಲಾಮುಗಳು 1980ರ ದಶಕದಿಂದ ಬಳಕೆಯಲ್ಲಿವೆ. ದಿನಕ್ಕೆ ಮೂರು ನಾಲ್ಕು ಸಲ, ವಾರಗಟ್ಟಲೆ ಹಚ್ಚಬೇಕು. ಮೊದಲ ದಿನಗಳ ಉರಿಗೆ ಬೇಸತ್ತು ಅರ್ಧಕ್ಕೆ ಬಿಡುವವರು ಬಹಳ, ಹಾಗೆ ಬಿಟ್ಟರೆ ಪ್ರಯೋಜನ ಸಿಗುವುದಿಲ್ಲ. 2009ರಲ್ಲಿ ಶೇ 8 ಸಾಂದ್ರತೆಯ ಪಟ್ಟಿಗೆ ಅಮೆರಿಕದಲ್ಲೂ ಯುರೋಪಿನಲ್ಲೂ ಅನುಮತಿ ದೊರೆಯಿತು. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನರನೋವಿಗೆ ಇದನ್ನು ಒಂದು ಗಂಟೆ ಅಂಟಿಸಿ ತೆಗೆಯುತ್ತಾರೆ. ಪರಿಣಾಮ ಕಂಡವರಲ್ಲಿ ಅದು ಸುಮಾರು ಮೂರು ತಿಂಗಳು ನಿಲ್ಲುತ್ತದೆ. ಮಧುಮೇಹಿಗಳ ಪಾದದ ನರನೋವಿಗೂ 2020ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಪಾದಕ್ಕೆ ಅರ್ಧ ಗಂಟೆ ಸಾಕು. ಎಲ್ಲರಿಗೂ ಇದು ಫಲಿಸುವುದಿಲ್ಲ. ಆದರೆ ರಾತ್ರಿಯಿಡೀ ಅಂಗಾಲು ಉರಿದು ನಿದ್ದೆಗೆಟ್ಟವರಿಗೆ, ಮಾತ್ರೆಗಳ ಮಂಪರಿಲ್ಲದೆ ಒಂದಿಷ್ಟು ಶಮನ ಸಿಕ್ಕರೂ ಅದು ಸಣ್ಣದಲ್ಲ.

ಈ ಪಟ್ಟಿಯನ್ನು ಹಾಕುವುದು ತರಬೇತಿ ಪಡೆದ ವೈದ್ಯರು ಅಥವಾ ದಾದಿಯರು, ಕೈಗವಸು ತೊಟ್ಟು, ಗಾಯವಿಲ್ಲದ ಚರ್ಮದ ಮೇಲೆ ಮಾತ್ರ. ಮನೆಯ ಖಾರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚುವುದು ಇದಕ್ಕೆ ಸಮವಲ್ಲ. ಅದರಲ್ಲಿ ಕ್ಯಾಪ್ಸೈಸಿನ್ ಎಷ್ಟಿದೆ ಎಂಬುದಕ್ಕೆ ಅಳತೆಯಿಲ್ಲ, ಸ್ಪರ್ಶ ಮಂದವಾದ ಪಾದದಲ್ಲಿ ಆಗಿರುವ ಹುಣ್ಣು ಕಣ್ಣಿಗೆ ಬೀಳದೆಯೂ ಇರಬಹುದು. ಅಂಗಾಲಿನ ಉರಿ ಶುರುವಾದ ಮಧುಮೇಹಿಗಳು ಮೊದಲು ವೈದ್ಯರಿಗೆ ಪಾದ ತೋರಿಸಿ, ಮುಲಾಮು ಬೇಕೋ ಬೇಡವೋ ಎಂಬುದನ್ನು ಅವರಿಂದಲೇ ಕೇಳಿ ತಿಳಿಯಬೇಕು.