ಬೀದರಿನ ಪತ್ರಗಳು, ಹೈದರಾಬಾದಿನ ಅಚ್ಚು

ಮಹಮೂದ್ ಗವಾನನ ಜೀವ ತೆಗೆದದ್ದು ಅವನು ಬರೆಯದೇ ಇದ್ದ ಒಂದು ಪತ್ರ. ಬಹಮನಿ ರಾಜ್ಯದ ಈ ಪ್ರಧಾನಿಯ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡ ಹಗೆಗಳು, ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಒಕ್ಕಣೆಯನ್ನು ಅದರಲ್ಲಿ ತುಂಬಿ ಸುಲ್ತಾನ ಮೂರನೆಯ ಮುಹಮ್ಮದನ ಮುಂದಿಟ್ಟರು. 1481ರ ಏಪ್ರಿಲ್‌ನಲ್ಲಿ ಗವಾನನ ತಲೆ ಉರುಳಿತು. ಅವನು ನಿಜವಾಗಿ ಬರೆದ ಪತ್ರಗಳು ಮಾತ್ರ ಉಳಿದವು. ಬೀದರಿನಲ್ಲಿ ಕುಳಿತು ತುರ್ಕಿಯ ಸುಲ್ತಾನ ಎರಡನೆಯ ಮೆಹ್ಮದನಿಗೆ, ಹೆರಾತಿನ ಕವಿ ಜಾಮಿಗೆ, ತನ್ನ ಹುಟ್ಟುನಾಡಾದ ಗಿಲಾನಿನ ಒಡೆಯರಿಗೆ, ಬಂಧುಗಳಿಗೆ ಅವನು ಬರೆದ ಆ ಪರ್ಷಿಯನ್ ಪತ್ರಗಳ ಸಂಗ್ರಹಕ್ಕೆ ‘ರಿಯಾಜುಲ್ ಇನ್ಶಾ’ ಎಂದು ಹೆಸರು. ಅದು ಅಚ್ಚಾದದ್ದು 1948ರಲ್ಲಿ, ಹೈದರಾಬಾದಿನಲ್ಲಿ. ಶೇಖ್ ಚಾಂದ್ ಹುಸೇನ್ ಸಂಪಾದಿಸಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಒಳಬಂದು ನಿಜಾಮರ ಆಡಳಿತ ಮುಗಿಯಿತು.

ಬೀದರ, ಕಲಬುರಗಿ, ರಾಯಚೂರು ಆಗ ನಿಜಾಮರ ಸೀಮೆ. ನಮ್ಮ ನಾಡಿನ ನಡುಗಾಲದ ಚರಿತ್ರೆಗೆ ಬೇಕಾದ ಎಷ್ಟೋ ಆಕರಗಳನ್ನು ಹುಡುಕಿ, ಓದಿ, ಪಾಠ ಶುದ್ಧಮಾಡಿ ಅಚ್ಚು ಹಾಕಿದ್ದು ಹೈದರಾಬಾದಿನ ಆ ವಿದ್ವತ್ ಲೋಕ. ಕೆಲಸ ನಡೆದದ್ದು ಅರಬ್ಬಿಯಲ್ಲಿ, ಪರ್ಷಿಯನ್ನಿನಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಅದರಿಂದ ದಕ್ಕಿದ್ದು ತೀರಾ ಕಡಿಮೆ. ಇದರಲ್ಲಿ ತಪ್ಪು ಒಂದು ಕಡೆಯದಲ್ಲ.

ಆ ಲೋಕದ ಮೊದಲ ಮನೆ ‘ದಾಯಿರತುಲ್ ಮಆರಿಫ್’. 1888ರಲ್ಲಿ ಸೈಯದ್ ಹುಸೇನ್ ಬಿಲ್‌ಗ್ರಾಮಿ, ಮುಲ್ಲಾ ಅಬ್ದುಲ್ ಖಯ್ಯೂಮ್, ಮೌಲಾನಾ ಅನ್ವಾರುಲ್ಲಾ ಫಾರೂಖಿ ಸೇರಿ ಕಟ್ಟಿದ ಸಂಸ್ಥೆ. ಈಗ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಅರಬ್ಬಿಯ ಅಪರೂಪದ ಹಸ್ತಪ್ರತಿಗಳನ್ನು ಅಚ್ಚಿಗೆ ತರುವುದು ಅದರ ಕೆಲಸ. ಮೈಸೂರಿನ ಓದುಗರಿಗೆ ಇದು ಹೊಸ ಕಥೆಯಲ್ಲ. ಇದೇ ಕಾಲಕ್ಕೆ, 1891ರಲ್ಲಿ, ಮೈಸೂರಿನಲ್ಲಿ ಪ್ರಾಚ್ಯ ಗ್ರಂಥಾಲಯ ಶುರುವಾಯಿತು. ಅಲ್ಲಿ ಸಿಕ್ಕ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಹೊರತಂದರು. ಎರಡು ದೇಶೀ ಸಂಸ್ಥಾನಗಳು, ಒಂದೇ ಹಂಬಲ. ಆದರೆ ಶಾಮಶಾಸ್ತ್ರಿಗಳ ಹೆಸರು ನಮಗೆ ಬಾಯಿಪಾಠ, ದಾಯಿರಾದ ಹೆಸರು ಕೇಳಿದವರು ವಿರಳ.

ದಾಯಿರಾ ಹೊರತಂದ ಪುಸ್ತಕಗಳೆಲ್ಲ ಧರ್ಮಗ್ರಂಥಗಳಿರಬೇಕು ಎಂದುಕೊಂಡರೆ ತಪ್ಪಾದೀತು. ಹದೀಸ್ ಶಾಸ್ತ್ರದ ದೊಡ್ಡ ದೊಡ್ಡ ಸಂಪುಟಗಳು ಅಲ್ಲಿಂದ ಬಂದದ್ದು ನಿಜ. ಇಬ್ನ್ ಹಜರ್‌ನ ‘ತಹ್ಜೀಬ್’ 1907ರಿಂದ 1909ರೊಳಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾಯಿತು. ಆದರೆ ಕಮಾಲುದ್ದೀನ್ ಫಾರಿಸಿ ಬೆಳಕಿನ ಶಾಸ್ತ್ರದ ಮೇಲೆ ಬರೆದ ವ್ಯಾಖ್ಯಾನವೂ ಅಲ್ಲಿಯದೇ. ಕಾಮನಬಿಲ್ಲು ಹೇಗೆ ಮೂಡುತ್ತದೆ ಎಂಬುದನ್ನು ಹದಿನಾಲ್ಕನೆಯ ಶತಮಾನದ ಹೊಸ್ತಿಲಲ್ಲೇ ವಿವರಿಸಿದ ಗ್ರಂಥ ಅದು. ಖಾಜಿನಿಯ ತಕ್ಕಡಿ ಶಾಸ್ತ್ರ, ಸೂಫಿ ಎಂಬ ಖಗೋಳಜ್ಞನ ನಕ್ಷತ್ರಗಳ ಪುಸ್ತಕ, ಅಲ್ ಬೀರೂನಿಯ ರತ್ನಶಾಸ್ತ್ರ ಮತ್ತು ಖಗೋಳ ಗ್ರಂಥ, ಅವನದೇ ಭಾರತವನ್ನು ಕುರಿತ ಪುಸ್ತಕದ ಅರಬ್ಬಿ ಮೂಲ, ಎಲ್ಲವೂ ಹೈದರಾಬಾದಿನಲ್ಲಿ ಅಚ್ಚಾದವು.

ಹಸ್ತಪ್ರತಿಯ ಸಂಪಾದನೆ ಎಂಥ ಬೆವರಿನ ಕೆಲಸ ಎನ್ನುವುದು ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿದವರಿಗೆ ಗೊತ್ತು. ಅರಬ್ಬಿಯಲ್ಲಿ ಕಷ್ಟ ಇನ್ನೊಂದು ಬಗೆಯದು. ಲಿಪಿಕಾರ ಒಂದು ಚುಕ್ಕೆ ಬಿಟ್ಟರೆ ಅಕ್ಷರವೇ ಬೇರೆ, ಅರ್ಥವೂ ಬೇರೆ. ಇಸ್ತಾಂಬುಲಿನ ಪ್ರತಿಯನ್ನು ಲಂಡನ್ನಿನ ಪ್ರತಿಯೊಂದಿಗೆ, ಅದನ್ನು ರಾಂಪುರದ್ದರೊಂದಿಗೆ ತಾಳೆನೋಡಿ ಪಾಠಾಂತರಗಳನ್ನು ಅಡಿಟಿಪ್ಪಣಿಗೆ ಇಳಿಸಬೇಕು. ಈ ಕೆಲಸಕ್ಕೆ ಹೈದರಾಬಾದಿಗೆ ನೆರವಾದವರಲ್ಲಿ ಫ್ರಿಟ್ಸ್ ಕ್ರೆಂಕೋ ಒಬ್ಬರು. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಲೆಸ್ಟರಿನಲ್ಲಿ ಕಾಲುಚೀಲ ಬನಿಯನ್ನುಗಳ ವ್ಯಾಪಾರದಲ್ಲಿದ್ದುಕೊಂಡು, ಬಿಡುವಿನಲ್ಲಿ ಅರಬ್ಬಿ ಕಲಿತು ಪಂಡಿತರಾದವರು. ಇಬ್ನ್ ದುರೈದ್‌ನ ಅರಬ್ಬಿ ನಿಘಂಟು ದಾಯಿರಾದಿಂದ ಹೊರಬರುವುದರ ಹಿಂದೆ ಅವರ ದುಡಿಮೆಯಿದೆ. ಕಾದಂಬರಿಕಾರ ಡಿ.ಎಚ್. ಲಾರೆನ್ಸ್‌ಗೆ ಇವರು ಚಿಕ್ಕಮ್ಮನ ಗಂಡ! ಇಂಗ್ಲಿಷ್ ಎಂ.ಎ. ಪಾಠ ಹೇಳುವ ಮೇಷ್ಟ್ರುಗಳು ಇದನ್ನು ಎಲ್ಲಾದರೂ ಹೇಳಬಹುದಿತ್ತು.

ದಾಯಿರಾ ಗ್ರಂಥಗಳ ಮನೆಯಾದರೆ, 1927ರ ಜನವರಿಯಲ್ಲಿ ಹೊರಟ ‘ಇಸ್ಲಾಮಿಕ್ ಕಲ್ಚರ್’ ಎಂಬ ಇಂಗ್ಲಿಷ್ ತ್ರೈಮಾಸಿಕ ಚರ್ಚೆಯ ಜಗಲಿ. ಮೊದಲ ಸಂಪಾದಕ ಮಾರ್ಮಡ್ಯೂಕ್ ಪಿಕ್ತಾಲ್, ಇಂಗ್ಲೆಂಡಿನ ಕಾದಂಬರಿಕಾರ. ಇಸ್ಲಾಂ ಸ್ವೀಕರಿಸಿ, ಬೊಂಬಾಯಿಗೆ ಬಂದು ‘ಬಾಂಬೆ ಕ್ರಾನಿಕಲ್’ ಪತ್ರಿಕೆ ನಡೆಸಿ, ಆಮೇಲೆ ಹೈದರಾಬಾದಿನ ಚಾದರ್‌ಘಾಟ್ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದವರು. ಕುರಾನಿನ ಇಂಗ್ಲಿಷ್ ಅನುವಾದಕ್ಕೆಂದು ನಿಜಾಮ್ ಸರ್ಕಾರ ಅವರಿಗೆ ಎರಡು ವರ್ಷ ಪೂರ್ತಿ ಸಂಬಳದ ರಜೆ ಕೊಟ್ಟಿತು. ಅನುವಾದ 1930ರಲ್ಲಿ ಬಂತು, ಇಂದಿಗೂ ಓದಿಸಿಕೊಳ್ಳುತ್ತಿದೆ. ಪಿಕ್ತಾಲರ ನಂತರ ಸಂಪಾದಕರಾದವರು ಮುಹಮ್ಮದ್ ಅಸದ್. ಹುಟ್ಟುಹೆಸರು ಲಿಯೋಪೋಲ್ಡ್ ವೈಸ್, ಆಸ್ಟ್ರಿಯಾ ಚಕ್ರಾಧಿಪತ್ಯದ ಯಹೂದಿ ಮನೆತನದವರು. ಎರಡನೆಯ ಮಹಾಯುದ್ಧ ಶುರುವಾದದ್ದೇ ಶತ್ರು ದೇಶದ ಪ್ರಜೆ ಎಂದು ಬ್ರಿಟಿಷರು ಅವರನ್ನು ಭಾರತದಲ್ಲಿಯೇ ಸೆರೆಯಲ್ಲಿಟ್ಟರು.

ಲಂಡನ್ನಿನ, ಲೈಡನ್ನಿನ ಪಂಡಿತರಿಗೆ ಸಮನಾಗಿ ಕುಳಿತು ಮಾತಾಡಬೇಕೆಂಬ ಛಲ ಆ ಪತ್ರಿಕೆಯದು. ಅಲ್ಲಿಯವರೆಗೆ ಇಸ್ಲಾಂ ಕುರಿತ ವಿದ್ವತ್ತು ಅಂದರೆ ಯುರೋಪಿನವರು ಬರೆಯುವುದು, ಮುಸ್ಲಿಮರು ಅದಕ್ಕೆ ವಸ್ತುವಾಗುವುದು. ಹೈದರಾಬಾದು ಆ ಲೆಕ್ಕವನ್ನು ಕೊಂಚವಾದರೂ ಬದಲಿಸಿತು. ಅಲ್ಲಿ ಬರೆದು ಬೆಳೆದ ಮುಹಮ್ಮದ್ ಹಮೀದುಲ್ಲಾ ಮುಂದೆ ಪ್ಯಾರಿಸ್ಸಿಗೆ ಹೋಗಿ ಕುರಾನನ್ನು ಫ್ರೆಂಚಿಗೆ ತಂದರು. ಎಚ್.ಕೆ. ಶೇರ್ವಾನಿ ಗವಾನನ ಮೇಲೆ 1942ರಲ್ಲಿ, ಬಹಮನಿಗಳ ಮೇಲೆ 1953ರಲ್ಲಿ ಬರೆದ ಪುಸ್ತಕಗಳನ್ನು ಬಿಟ್ಟು ಕಲಬುರಗಿ–ಬೀದರಿನ ಚರಿತ್ರೆ ಈಗಲೂ ಮುಂದೆ ಹೋಗದು. ನಿಜಾಮರ ಪುರಾತತ್ವ ಇಲಾಖೆಯ ಗುಲಾಂ ಯಜ್ದಾನಿ ಅಜಂತೆಯ ಚಿತ್ರಗಳನ್ನು ಲೋಕಕ್ಕೆ ತೋರಿಸಿದಷ್ಟೇ ಶ್ರದ್ಧೆಯಿಂದ ಬೀದರಿನ ಕೋಟೆ, ಗವಾನನ ಮದರಸಾ, ಅಷ್ಟೂರಿನ ಗೋರಿಗಳನ್ನು ಅಳೆದು, ಓದಿ, 1947ರಲ್ಲಿ ಪುಸ್ತಕ ಮಾಡಿದರು.

ಇಷ್ಟನ್ನು ಮೆಚ್ಚಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಹಣ ಕೊಟ್ಟವರು ಅರಸರು, ಆದ್ದರಿಂದ ಗಮನವೆಲ್ಲ ಅರಸರು, ವಜೀರರು, ನಾಣ್ಯ, ಶಾಸನ, ಹಸ್ತಪ್ರತಿಗಳ ಮೇಲೆಯೇ. ಹೊಲ ಉತ್ತವನು, ನೇಯ್ದವನು, ಉರುಸಿಗೆ ಎತ್ತಿನ ಗಾಡಿ ಕಟ್ಟಿಕೊಂಡು ಬಂದವನು ಆ ಪುಟಗಳಲ್ಲಿ ಅಪರೂಪ. ಆ ರಾಜ್ಯದ ಬಹುಪಾಲು ಜನ ಆಡುತ್ತಿದ್ದ ತೆಲುಗು, ಮರಾಠಿ, ಕನ್ನಡಗಳಿಗೆ ಈ ವಿದ್ವತ್ತು ಇಳಿಯಲಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಉರ್ದು ಮಾಧ್ಯಮದಲ್ಲಿ ಶುರುವಾಗಿ, ವೈದ್ಯ, ಎಂಜಿನಿಯರಿಂಗ್ ಪಠ್ಯಗಳನ್ನೂ ದೇಶಭಾಷೆಯೊಂದಕ್ಕೆ ತಂದದ್ದು ಅಸಾಧ್ಯ ಸಾಹಸವೇ. ಆದರೆ ಬೀದರ ಸೀಮೆಯ ಕನ್ನಡದ ಹುಡುಗನಿಗೆ ಉರ್ದು ಅಂದರೆ ಕಚೇರಿಯ ಭಾಷೆ, ಶಾಲೆಯ ಬೆತ್ತದ ಭಾಷೆ. 1948ರ ನಂತರ ಆ ಸಿಟ್ಟು ಸರ್ಕಾರದ ಮೇಲಿಂದ ಪುಸ್ತಕಗಳ ಮೇಲೂ ಹರಿಯಿತು. ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಬರೆದ ಆ ತಲೆಮಾರೇ ಎರಡರ ನಡುವೆ ದಾರಿ ಮಾಡಬಲ್ಲದ್ದಾಗಿತ್ತು. ಶಾಂತರಸರು ಗಜಲನ್ನು ಕನ್ನಡಕ್ಕೆ ತಂದು ಆ ಕೆಲಸವನ್ನು ಕಾವ್ಯದಲ್ಲಿ ಮಾಡಿ ತೋರಿಸಿದರು. ಚರಿತ್ರೆಯಲ್ಲಿ, ಸಮಾಜ ಅಧ್ಯಯನದಲ್ಲಿ ಅಷ್ಟು ಹುರುಪಿನ ಕೆಲಸ ನಡೆಯಲಿಲ್ಲ.

ಸಾಮಾನ್ಯ ಜನರತ್ತ ನೋಟ ಹೊರಳಿದ್ದು 1970ರ ದಶಕದಲ್ಲಿ, ಅದೂ ಹೊರಗಿನಿಂದ. ಅಮೆರಿಕದ ರಿಚರ್ಡ್ ಈಟನ್ ಹೈದರಾಬಾದಿನ ಸಂಗ್ರಹಗಳಲ್ಲಿದ್ದ ದಖನಿ ಉರ್ದು ಹಸ್ತಪ್ರತಿಗಳನ್ನು ಓದಿ ಬಿಜಾಪುರದ ಸೂಫಿಗಳ ಬಗ್ಗೆ ಬರೆದ ಪುಸ್ತಕವನ್ನು 1978ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಪ್ರಕಟಿಸಿತು. ಅದರಲ್ಲಿ ನಮ್ಮ ಓದುಗರು ತಪ್ಪದೆ ನೋಡಬೇಕಾದ್ದು ‘ಚಕ್ಕಿನಾಮಾ’ಗಳ ಭಾಗ. ಚಕ್ಕಿನಾಮಾ ಅಂದರೆ ಬೀಸುವ ಪದ. ಸೂಫಿಗಳು ಕಲ್ಲಿನ ಗೂಟದಲ್ಲಿ ಅಲಿಫ್ ಅಕ್ಷರವನ್ನು, ಅಲಿಫ್‌ನಲ್ಲಿ ಅಲ್ಲಾಹನನ್ನು ಕಾಣಿಸಿ ಕಟ್ಟಿದ ಹಾಡುಗಳನ್ನು ಹೆಂಗಸರು ಬೀಸುತ್ತಾ ಹಾಡಿದರು. ಸೂಫಿ ವಿಚಾರ ಮನೆಮನೆಯ ಒಳಗೆ ಹೋದದ್ದು ಕತ್ತಿಯ ಮೊನೆಯಿಂದಲ್ಲ, ಉಪದೇಶದಿಂದಲೂ ಅಷ್ಟಾಗಿ ಅಲ್ಲ, ಈ ಹಾಡುಗಳ ಮೂಲಕ ಎಂಬುದು ಈಟನ್ನರ ವಾದ. ಅದೇ ಬಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲೇ ‘ಗರತಿಯ ಹಾಡು’ ತಂದಿದ್ದರು. ಒಂದೇ ನೆಲ, ಒಂದೇ ಜೋಳ, ಒಂದೇ ಬೆಳಗಿನ ಜಾವ. ಎರಡನ್ನೂ ಒಂದೇ ಮೇಜಿನ ಮೇಲೆ ಹರವಿಕೊಂಡು ಓದಲು ಯಾವ ಅಡ್ಡಿಯೂ ಇಲ್ಲ, ದಖನಿ ಮತ್ತು ಕನ್ನಡ ಎರಡೂ ಬಲ್ಲ ಒಬ್ಬ ವಿದ್ಯಾರ್ಥಿ ಬೇಕಷ್ಟೆ.

ಈಟನ್ ಹೇಳಿದ್ದೆಲ್ಲ ನಿಂತಿತು ಎಂದಲ್ಲ. ಮೊದಮೊದಲಿನ ಸೂಫಿಗಳನ್ನು ಅವರು ಯೋಧರೆಂದು ಚಿತ್ರಿಸಿದ್ದನ್ನು ಕಾರ್ಲ್ ಅರ್ನ್‌ಸ್ಟ್ ಪ್ರಶ್ನಿಸಿದರು: ಎಷ್ಟೋ ಕಾಲದ ಮೇಲೆ ಹುಟ್ಟಿದ ಕಥೆಗಳನ್ನು ನಂಬಿ ಹಾಗೆ ಹೇಳಲಾಗದು ಎಂದು. ಕಲಬುರಗಿಯ ಸೂಫಿ ಬಂದೇನವಾಜರ ಹೆಸರಿನಲ್ಲಿದ್ದ ‘ಮೆಅರಾಜುಲ್ ಆಶಿಖೀನ್’ ಕೃತಿಯದೂ ಇದೇ ಕಥೆ. ಉರ್ದು ಗದ್ಯದ ಮೊದಲ ಪುಸ್ತಕವೆಂದು ಮೌಲ್ವಿ ಅಬ್ದುಲ್ ಹಖ್ 1920ರ ದಶಕದಲ್ಲಿ ಅಚ್ಚು ಹಾಕಿಸಿದರು, ಪಠ್ಯಪುಸ್ತಕಗಳೂ ಹಾಗೆಯೇ ಕಲಿಸಿದವು. ಹೈದರಾಬಾದಿನ ಹಫೀಜ್ ಖತೀಲ್ 1960ರ ದಶಕದಲ್ಲಿ ಅದು ಬಂದೇನವಾಜರದ್ದಲ್ಲ, ಎಷ್ಟೋ ಈಚಿನ ಬಿಜಾಪುರದ ಸೂಫಿಯೊಬ್ಬರದ್ದು ಎಂದು ತೋರಿಸಿದರು. ವಿದ್ವತ್ ಪತ್ರಿಕೆಗಳು ಇರುವುದೇ ಇಂಥ ತಿದ್ದುಪಡಿಗೆ. ನಂಬಿಕೆಯ ಮನೆಯವರೂ ಇದಕ್ಕೆ ಹೊರತಲ್ಲ. ಬಂದೇನವಾಜ್ ದರ್ಗಾದ ಸಜ್ಜಾದಾ ನಶೀನರು, ಅಂದರೆ ಪೀಠಾಧಿಪತಿ, ಆಗಿದ್ದ ಸೈಯದ್ ಶಾ ಖುಸ್ರೋ ಹುಸೇನಿ ತಮ್ಮ ಮೂಲಪುರುಷರ ಸೂಫಿ ಚಿಂತನೆಯ ಮೇಲೆ ಇಂಗ್ಲಿಷಿನಲ್ಲಿ ಅಡಿಟಿಪ್ಪಣಿ ಸಹಿತ ಗ್ರಂಥ ಬರೆದರು.

ಬಿಜಾಪುರದ ಮಾತು ಬಂದ ಮೇಲೆ ಅಸರ್ ಮಹಲನ್ನು ಬಿಡುವಂತಿಲ್ಲ. ಆದಿಲಶಾಹಿಗಳ ಗ್ರಂಥಭಂಡಾರದಲ್ಲಿ ಅಳಿದುಳಿದದ್ದು ಅಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಂಪನಿ ಸರ್ಕಾರ ಅದನ್ನು ಲಂಡನ್ನಿಗೆ ಸಾಗಿಸಿತು. ಓಟೋ ಲೋತ್ 1877ರಲ್ಲಿ ಪ್ರಕಟಿಸಿದ ಇಂಡಿಯಾ ಆಫೀಸಿನ ಅರಬ್ಬಿ ಹಸ್ತಪ್ರತಿಗಳ ಸೂಚಿಯಲ್ಲಿ ಬಿಜಾಪುರದ ಈ ಪುಸ್ತಕಗಳು ಸೇರಿವೆ. ಅದೇ ಊರಿನಲ್ಲಿ ಫ.ಗು. ಹಳಕಟ್ಟಿಯವರು 1926ರಲ್ಲಿ, ‘ಇಸ್ಲಾಮಿಕ್ ಕಲ್ಚರ್’ ಹುಟ್ಟುವ ಹಿಂದಿನ ವರ್ಷವೇ, ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅಲ್ಲಿ ನಿಜಾಮರ ಖಜಾನೆ, ಇಲ್ಲಿ ವಚನಗಳ ಅಚ್ಚಿಗಾಗಿ ಮನೆಯನ್ನೇ ಮಾರಿಕೊಂಡ ವಕೀಲರೊಬ್ಬರ ಹರಿದ ಕೋಟು. ಎರಡೂ ಪತ್ರಿಕೆಗಳು ಪರಸ್ಪರ ಓದಿಕೊಂಡಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸುವುದುಂಟು.

ಆ ಭೇಟಿ ತಡವಾಗಿಯಾದರೂ ನಡೆಯಿತು, ಅದೂ ಹಳಕಟ್ಟಿಯವರ ಹೆಸರಿನ ಸೂರಿನಡಿಯಲ್ಲಿಯೇ. ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲಶಾಹಿ ಕಾಲದ ಪರ್ಷಿಯನ್, ದಖನಿ ಕೃತಿಗಳನ್ನು ಕನ್ನಡಕ್ಕೆ ತರುವ ಯೋಜನೆ ಹಾಕಿಕೊಂಡಿತು. ವಚನಗಳನ್ನೂ ಶಾಸನಗಳನ್ನೂ ಜೀವನವಿಡೀ ಶೋಧಿಸಿದ ಎಂ.ಎಂ. ಕಲಬುರ್ಗಿಯವರು ಅದರ ಹಿಂದಿನ ಶಕ್ತಿ. ಕೃಷ್ಣ ಕೊಲ್ಹಾರ ಕುಲಕರ್ಣಿಯವರು ಜೊತೆಗಿದ್ದರು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಕಲಬುರ್ಗಿಯವರ ಹತ್ಯೆಯಾಯಿತು. ಸಂಪುಟಗಳು ಬರುವುದು ಅಷ್ಟಕ್ಕೇ ನಿಲ್ಲಲಿಲ್ಲ. ಕನ್ನಡದ ವಿದ್ವತ್ ಪ್ರಕಟಣೆಯಲ್ಲಿ ಇಷ್ಟು ದೂರದೃಷ್ಟಿಯ ಕೆಲಸ ಈಚೆಗೆ ಬೇರೊಂದಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗಿನ ವಿದ್ವತ್ ಪತ್ರಿಕೆಗಳ ಪಾಡು ಬೇರೆ. ಬಡ್ತಿಗೆ, ಪಿಎಚ್‌.ಡಿ.ಗೆ ಲೇಖನಗಳ ಲೆಕ್ಕ ಕೇಳತೊಡಗಿದ್ದೇ ತಡ, ದುಡ್ಡು ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ಅಂಗಡಿಗಳು ತೆರೆದುಕೊಂಡವು. ಅವನ್ನು ಜರಡಿ ಹಿಡಿಯಲೆಂದು ಯುಜಿಸಿ ಮಾಡಿದ ‘ಕೇರ್’ ಪಟ್ಟಿಯೂ ಬಂದು ಹೋಯಿತು. ಇನ್ನೊಂದು ತುದಿಯಲ್ಲಿ ಪಾಶ್ಚಾತ್ಯ ಪ್ರಕಾಶಕರ ಇಸ್ಲಾಂ ವಿಶ್ವಕೋಶಗಳು, ಜರ್ನಲ್‌ಗಳು. ಜಿಲ್ಲಾ ಕೇಂದ್ರದ ಕಾಲೇಜಿನ ಲೈಬ್ರರಿ ಕೊಳ್ಳಲಾಗದ ಬೆಲೆಯವು. ನಡುವೆ ಒಂದು ಸಮಾಧಾನವಿದೆ: ‘ಇಸ್ಲಾಮಿಕ್ ಕಲ್ಚರ್’ನ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ, ಯಜ್ದಾನಿಯವರ ಬೀದರ ಪುಸ್ತಕ ಮರುಮುದ್ರಣ ಕಂಡಿದೆ. ಆಕರಕ್ಕೆ ಬರವಿಲ್ಲ, ಓದುವವರಿಗೆ ಬರ.

ಕಲಬುರಗಿ, ಬೀದರ, ರಾಯಚೂರು, ವಿಜಯಪುರ, ಹಂಪಿಯ ವಿಶ್ವವಿದ್ಯಾಲಯಗಳಲ್ಲಿ ನನ್ನದೊಂದು ವಿನಂತಿ. ಇನ್ನೊಂದು ವಿಚಾರಸಂಕಿರಣ ಬೇಡ, ಸ್ಮರಣಸಂಚಿಕೆಯೂ ಬೇಡ. ಕನ್ನಡ ಎಂ.ಎ. ಮುಗಿಸಿದ ನಾಲ್ಕು ಮಕ್ಕಳನ್ನು ಆರಿಸಿ, ಪರ್ಷಿಯನ್ನನ್ನೂ ದಖನಿಯನ್ನೂ ಓದಲು ಕಲಿಸಿ. ಕಲಿಯುವಷ್ಟು ಕಾಲ, ಐದು ವರ್ಷವಾದರೂ ಸರಿ, ಪೂರ್ತಿ ಸಂಬಳ ಕೊಡಿ. ಅವರು ತರುವ ಪುಸ್ತಕಗಳನ್ನು ಪ್ರಸಾರಾಂಗದಿಂದ ಅಗ್ಗದ ಬೆಲೆಗೆ ಮಾರಿ.